ಟಾಮ್‌ಕ್ಯಾಟ್ ನಿಂತರೂ ಪ್ರೊಸೆಸ್ ಯಾಕೆ ಹೋಗುವುದಿಲ್ಲ?

ಓದುಗರ ಪ್ರಶ್ನೆ: ನಮ್ಮದು ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಿ ಬರೆದ ಅಪ್ಲಿಕೇಶನ್, ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ ಅದರೊಳಗೇ ಇದೆ. ನಿಲ್ಲಿಸಿದರೆ ಪೋರ್ಟ್ 8080 ಖಾಲಿಯಾಗುತ್ತದೆ, ಆದರೆ ಕೆಲವು ಸಲ ಜಾವಾ ಪ್ರೊಸೆಸ್ ಹಾಗೇ ಉಳಿದುಬಿಡುತ್ತದೆ. ಕೊನೆಗೆ ಬಲವಂತವಾಗಿ ಕೊಲ್ಲುವ ಕಿಲ್ -9 ಕಮಾಂಡ್ ಕೊಡಬೇಕಾಗುತ್ತದೆ. ಇದಕ್ಕೆ ಸರಿಯಾದ ಪರಿಹಾರ ಏನು?

ಉತ್ತರ: ಕಿಲ್ -9 ಕೊಡುವ ಮುಂಚೆ ದಯವಿಟ್ಟು ಥ್ರೆಡ್ ಡಂಪ್ ತೆಗೆದಿಡಿ, ಅಂದರೆ ಪ್ರೊಸೆಸ್‌ನೊಳಗಿನ ಪ್ರತಿ ಥ್ರೆಡ್ (ಕೆಲಸದ ಎಳೆ) ಆ ಕ್ಷಣ ಎಲ್ಲಿದೆ ಎಂಬ ಪಟ್ಟಿ. ಜಾವಾದ ಜೆಸ್ಟ್ಯಾಕ್ ಟೂಲ್‌ಗೆ ಪ್ರೊಸೆಸ್ ಐಡಿ ಕೊಟ್ಟರೆ ಸಾಕು. ಆ ಮೆಷಿನ್‌ನಲ್ಲಿ ಜೆಸ್ಟ್ಯಾಕ್ ಇಲ್ಲದಿದ್ದರೆ ಕಿಲ್ -3 ಕೊಡಿ. ಪ್ರೊಸೆಸ್ ಸಾಯುವುದಿಲ್ಲ, ಡಂಪ್ ಅಪ್ಲಿಕೇಶನ್‌ನ ಔಟ್‌ಪುಟ್‌ನಲ್ಲೇ ಬರುತ್ತದೆ. ಒಂಬತ್ತನೇ ಸಿಗ್ನಲ್ ಹೋದರೆ ಶಟ್‌ಡೌನ್ ಹುಕ್‌ಗಳು (ನಿಲ್ಲುವ ಮುಂಚೆ ಓಡಬೇಕಾದ ಕೋಡ್) ಓಡುವುದಿಲ್ಲ, ಯಾವ ಥ್ರೆಡ್ ಎಲ್ಲಿ ಸಿಕ್ಕಿಕೊಂಡಿತ್ತು ಎಂಬ ಸುಳಿವೂ ಅಳಿಸಿಹೋಗುತ್ತದೆ. ಮುಂದಿನ ವಾರ ಅದೇ ತಲೆನೋವು ಮತ್ತೆ ಬರುತ್ತದೆ.

ಡಂಪ್ ಕೈಗೆ ಬಂದಮೇಲೆ, ನೀವು ನಿಲ್ಲಿಸಿದ್ದು ಹೇಗೆ ಎಂದು ನೆನಪು ಮಾಡಿಕೊಳ್ಳಿ. ಬಹಳ ಜನ ಇದನ್ನು ಬಿಟ್ಟು ನೇರ ಕೋಡ್ ಹುಡುಕಲು ಹೊರಡುತ್ತಾರೆ. ಒಳಗಿನಿಂದ ನಿಲ್ಲಿಸುವುದಕ್ಕೂ ಹೊರಗಿನಿಂದ ಸಿಗ್ನಲ್ ಕೊಡುವುದಕ್ಕೂ ಜೆವಿಎಂ, ಅಂದರೆ ಜಾವಾ ಕೋಡ್ ಓಡಿಸುವ ಪ್ರೊಸೆಸ್, ನಡೆದುಕೊಳ್ಳುವ ರೀತಿಯೇ ಬೇರೆ.

ಒಳಗಿನಿಂದ, ಅಂದರೆ ಆಕ್ಚುಯೇಟರ್‌ನ (ಅಪ್ಲಿಕೇಶನ್ ನೋಡಿಕೊಳ್ಳಲು ಸ್ಪ್ರಿಂಗ್ ಬೂಟ್ ಕೊಡುವ ಭಾಗ) ಶಟ್‌ಡೌನ್ ಎಂಡ್‌ಪಾಯಿಂಟ್ ಕರೆದಿರಿ ಎನ್ನಿ. ಅದು ಸ್ಪ್ರಿಂಗ್ ಕಾಂಟೆಕ್ಸ್ಟ್ (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್‌ಗಳ ಗುಂಪು) ಮುಚ್ಚುತ್ತದೆ, ಟಾಮ್‌ಕ್ಯಾಟ್ ನಿಲ್ಲುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಜೆವಿಎಂ ಹೋಗಬೇಕಾದರೆ ಡೀಮನ್ ಅಲ್ಲದ ಕೊನೆಯ ಥ್ರೆಡ್ ಕೂಡ ಮುಗಿಯಬೇಕು (ಡೀಮನ್ ಎಂದರೆ ಜೆವಿಎಂ ಕಾಯದೆ ಬಿಟ್ಟುಹೋಗುವ ಹಿನ್ನೆಲೆ ಥ್ರೆಡ್). ಯಾವುದೋ ಸರ್ವಿಸ್ ಕ್ಲಾಸ್‌ನೊಳಗೆ ಯಾರೋ ಒಂದು ಫಿಕ್ಸೆಡ್ ಥ್ರೆಡ್ ಪೂಲ್ ಮಾಡಿರುತ್ತಾರೆ, ಅದರ ಥ್ರೆಡ್‌ಗಳು ತಾವಾಗಿ ಡೀಮನ್ ಆಗುವುದಿಲ್ಲ. ಡಂಪ್‌ನಲ್ಲಿ ‘ಪೂಲ್-2-ಥ್ರೆಡ್-1’ ಎಂಬಂಥ ಹೆಸರು, ಅದರ ಸಾಲಿನಲ್ಲಿ ಡೀಮನ್ ಎಂಬ ಪದ ಇಲ್ಲ, ಕೆಳಗೆ ಲಿಂಕ್ಡ್‌ಬ್ಲಾಕಿಂಗ್‌ಕ್ಯೂನ ಟೇಕ್ ಮೆಥಡ್. ಇನ್ನು ಬರದ ಕೆಲಸಕ್ಕಾಗಿ ಅದು ಕಾಯುತ್ತಾ ಕೂತಿದೆ. ಪೋರ್ಟ್ ಖಾಲಿಯಾಗಿಯೂ ಪ್ರೊಸೆಸ್ ಉಳಿಯುತ್ತದೆ ಎಂದಿರಲ್ಲ, ಆದ್ದರಿಂದ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಆ ಪೂಲನ್ನು ಸ್ಪ್ರಿಂಗ್ ಬೀನ್ (ಸ್ಪ್ರಿಂಗ್ ತಾನೇ ನೋಡಿಕೊಳ್ಳುವ ಆಬ್ಜೆಕ್ಟ್) ಮಾಡಿ, ಮುಚ್ಚುವ ಹೊಣೆ ಸ್ಪ್ರಿಂಗ್‌ಗೆ ಹೋಗುತ್ತದೆ. ಇಲ್ಲವೇ ಪ್ರೀಡಿಸ್ಟ್ರಾಯ್‌ನಲ್ಲಿ (ಮುಚ್ಚುವಾಗ ಸ್ಪ್ರಿಂಗ್ ಕರೆಯುವ ಮೆಥಡ್) ನೀವೇ ಶಟ್‌ಡೌನ್ ಕರೆದು, ಇಷ್ಟು ಸೆಕೆಂಡ್ ಎಂದು ಮಿತಿ ಹಾಕಿ ಕಾಯಿರಿ, ಆಮೇಲೆ ಶಟ್‌ಡೌನ್‌ನೌ ಕರೆಯಿರಿ. ಇದು ಥ್ರೆಡ್‌ಗೆ ಇಂಟರಪ್ಟ್ (ನಿಲ್ಲು ಎಂಬ ಸೂಚನೆ) ಕಳಿಸುತ್ತದೆ ಅಷ್ಟೇ, ಬಲವಂತವಾಗಿ ಕೊಲ್ಲುವುದಿಲ್ಲ. ಲೂಪ್‌ನೊಳಗೆ ಇಂಟರಪ್ಟೆಡ್‌ಎಕ್ಸೆಪ್ಶನ್ ಹಿಡಿದು ಏನೂ ಮಾಡದೆ ಮುಂದೆ ಹೋಗುವ ಕೋಡ್ ಇದ್ದರೆ ಆ ಥ್ರೆಡ್ ಹಾಗೇ ಸುತ್ತುತ್ತಿರುತ್ತದೆ. ಎಲ್ಲ ಥ್ರೆಡ್‌ಗಳನ್ನೂ ಡೀಮನ್ ಮಾಡಿ ಕೈತೊಳೆದುಕೊಳ್ಳುವ ಸಲಹೆಯೂ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ: ಅರ್ಧ ಬರೆದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಹೊರಗಿನಿಂದ ಬರೀ ಕಿಲ್ ಕೊಟ್ಟರೆ, ಅಂದರೆ ಸಿಗ್‌ಟರ್ಮ್ ಹೋದರೆ, ಡೀಮನ್ ಅಲ್ಲದ ಥ್ರೆಡ್ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಜೆವಿಎಂ ಶಟ್‌ಡೌನ್ ಹುಕ್‌ಗಳು ಮುಗಿಯುವವರೆಗೆ ಕಾದು ಹೊರಟುಬಿಡುತ್ತದೆ. ಹಾಗಿದ್ದೂ ನಿಲ್ಲದಿದ್ದರೆ ಒಂದು ಹುಕ್ ಸಿಕ್ಕಿಕೊಂಡಿದೆ ಎಂದರ್ಥ. ಡಂಪ್‌ನಲ್ಲಿ ಸ್ಪ್ರಿಂಗ್‌ಅಪ್ಲಿಕೇಶನ್‌ಶಟ್‌ಡೌನ್‌ಹುಕ್ ಎಂಬ ಥ್ರೆಡ್ ಹುಡುಕಿ. ಅದರ ಸ್ಟ್ಯಾಕ್‌ನಲ್ಲಿ ನಿಮ್ಮದೇ ಕ್ಲಾಸ್‌ನ ಹೆಸರು ಕಾಣಿಸಿದರೆ ಅಲ್ಲೇ ನೋಡಿ.

ಒಂದು ಉದಾಹರಣೆ ನೋಡಿ. ತಾವೇ ಬರೆದ ‘ಸ್ಟಾಪ್’ ಯುಆರ್‌ಎಲ್‌ನ ಕಂಟ್ರೋಲರ್‌ನಲ್ಲಿ ಕೆಲವರು ಸಿಸ್ಟಮ್.ಎಕ್ಸಿಟ್ ಕರೆದಿರುತ್ತಾರೆ. ರಿಕ್ವೆಸ್ಟ್ ಥ್ರೆಡ್ ಹುಕ್ ಮುಗಿಯಲಿ ಎಂದು ಕಾಯುತ್ತದೆ. ಗ್ರೇಸ್‌ಫುಲ್ ಶಟ್‌ಡೌನ್ (ನಡೆಯುತ್ತಿರುವ ರಿಕ್ವೆಸ್ಟ್ ಮುಗಿಸಿ ನಿಲ್ಲುವ ವ್ಯವಸ್ಥೆ) ಇದ್ದರೆ ಹುಕ್ ಆ ರಿಕ್ವೆಸ್ಟ್ ಮುಗಿಯಲಿ ಎಂದು ಕಾಯುತ್ತದೆ. ಸ್ಪ್ರಿಂಗ್‌ನ ಟೈಮ್‌ಔಟ್ ಆದಮೇಲೇ ಈ ಗಂಟು ಬಿಚ್ಚುವುದು. ಆಕ್ಚುಯೇಟರ್ ಬೇರೊಂದು ಥ್ರೆಡ್‌ನಲ್ಲಿ ಕಾಂಟೆಕ್ಸ್ಟ್ ಮುಚ್ಚುವುದರಿಂದ ಅದಕ್ಕೆ ಈ ತೊಂದರೆ ಇಲ್ಲ. ಇನ್ನು ಶಟ್‌ಡೌನ್ ಹುಕ್‌ನ ಒಳಗೇ ಸಿಸ್ಟಮ್.ಎಕ್ಸಿಟ್ ಕರೆದರೆ ಅದು ಎಂದೆಂದಿಗೂ ಮರಳಿ ಬರುವುದಿಲ್ಲ.

ಗ್ರೇಸ್‌ಫುಲ್ ಶಟ್‌ಡೌನ್ 2020ರಲ್ಲಿ ಸ್ಪ್ರಿಂಗ್ ಬೂಟ್ 2.3ರೊಂದಿಗೆ ಬಂತು, 3.4ರಿಂದ ತಾನಾಗಿಯೇ ಚಾಲೂ ಇರುತ್ತದೆ. ಹಾಗಾಗಿ ವರ್ಷನ್ ಏರಿಸಿದ ಮೇಲೆ ನಿಲ್ಲಲು ತಡವಾಗುತ್ತಿದ್ದರೆ ಅದು ಸಿಕ್ಕಿಕೊಂಡಿದೆ ಎಂದುಕೊಳ್ಳಬೇಡಿ, ನಡೆಯುತ್ತಿರುವ ರಿಕ್ವೆಸ್ಟ್‌ಗಾಗಿ ಕಾಯುತ್ತಿರಬಹುದು.

ಡಾಕರ್‌ನಲ್ಲಿ ಓಡಿಸುವವರು ಎಕ್ಸಿಟ್ ಕೋಡ್ ನೋಡಿ. 143 ಬಂದರೆ ಸಿಗ್‌ಟರ್ಮ್‌ಗೆ ಸರಿಯಾಗಿ ನಿಂತಿದೆ. ಪ್ರತಿ ಸಲವೂ ಹತ್ತು ಸೆಕೆಂಡ್ ಕಾದು 137 (ಕಿಲ್ -9ರಿಂದ ಸತ್ತಿದೆ ಎಂದರ್ಥ) ಬರುತ್ತಿದ್ದರೆ, ಸಿಗ್ನಲ್ ಜಾವಾಗೆ ತಲುಪಿಯೇ ಇಲ್ಲದಿರಬಹುದು. ಶುರು ಮಾಡುವ ಶೆಲ್ ಸ್ಕ್ರಿಪ್ಟ್ ತಾನೇ ಒಂದನೇ ಪ್ರೊಸೆಸ್ ಆಗಿ ಕೂತು ಸಿಗ್ನಲನ್ನು ಮುಂದಕ್ಕೆ ಕೊಡುವುದಿಲ್ಲ. ಸ್ಕ್ರಿಪ್ಟ್‌ನ ಕೊನೆಯಲ್ಲಿ ಜಾವಾ ಮುಂದೆ ಎಕ್ಸೆಕ್ ಸೇರಿಸಿದರೆ ಸರಿಹೋಗುತ್ತದೆ.

ಕುಬರ್ನೆಟೀಸ್ ಆದರೆ ಸಮಯದ ಲೆಕ್ಕವನ್ನೂ ನೋಡಿಕೊಳ್ಳಿ. ಅದು ಕೊಡುವುದು ಒಟ್ಟು 30 ಸೆಕೆಂಡ್, ಪ್ರೀಸ್ಟಾಪ್‌ನ (ಸಿಗ್‌ಟರ್ಮ್‌ಗೆ ಮುಂಚೆ ಓಡುವ ಹುಕ್) ಸಮಯವೂ ಅದರೊಳಗೇ ಸೇರುತ್ತದೆ. ಸ್ಪ್ರಿಂಗ್ ಒಂದೊಂದು ಹಂತಕ್ಕೇ 30 ಸೆಕೆಂಡ್ ಇಟ್ಟುಕೊಂಡಿರುತ್ತದೆ. ಸ್ಪ್ರಿಂಗ್‌ನದನ್ನು 20ಕ್ಕೆ ಇಳಿಸಿ, ಇಲ್ಲವೇ ಪಾಡ್‌ನ (ಕಂಟೇನರ್ ಓಡುವ ಘಟಕ) ಗ್ರೇಸ್ ಪೀರಿಯಡ್, ಅಂದರೆ ಆ ಒಟ್ಟು ಸಮಯ, ಹೆಚ್ಚಿಸಿ.