ತಂಡ ಬೇರೆ, ಕನ್‌ಸ್ಟ್ರಕ್ಟರ್ ಬೇರೆ: ಫಾರ್ಮುಲಾ ಒನ್ ಓದುವವರಿಗೊಂದು ಟಿಪ್ಪಣಿ

ಕಚೇರಿಯ ಕ್ರೀಡಾ ರಸಪ್ರಶ್ನೆಯಲ್ಲಿ ಹೀಗೊಂದು ಪ್ರಶ್ನೆ ಬಂತು: ಫಾರ್ಮುಲಾ ಒನ್‌ನಲ್ಲಿ ಲೋಟಸ್‌ಗೆ ಮೊದಲ ಗೆಲುವು ತಂದುಕೊಟ್ಟ ಚಾಲಕ ಯಾರು? ಇನ್ನೆಸ್ ಐರ್ಲೆಂಡ್, 1961ರ ಅಮೆರಿಕ ಗ್ರ್ಯಾನ್ ಪ್ರಿ ಎಂದು ಗಟ್ಟಿ ದನಿಯಲ್ಲಿ ಹೇಳಿದೆ. ತಪ್ಪಂತೆ. ಸ್ಟರ್ಲಿಂಗ್ ಮಾಸ್, 1960, ಮೊನಾಕೊ ಎಂಬುದು ಸರಿ ಉತ್ತರವಂತೆ. ಏಕೆ ಎಂದು ಕೇಳಿದರೆ ಪ್ರಶ್ನೆ ಕೇಳಿದವರಿಗೂ ವಿವರಿಸಲು ಬರಲಿಲ್ಲ. ಅಂದಿನಿಂದ ಡೊಂಬಿವಿಲಿಯಿಂದ ದಾದರ್‌ವರೆಗೆ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಇದನ್ನೇ ಓದಿದ್ದೇನೆ. ಮರೆಯುವ ಮೊದಲು ಬರೆದಿಡುತ್ತೇನೆ.

ಎಂಜಿನ್ ವಿಷಯ ನನ್ನನ್ನು ಕಾಡಲಿಲ್ಲ, ಎರಡು ಮಾತಿನಲ್ಲಿ ಮುಗಿಸುತ್ತೇನೆ. 'ಮೆಕ್ಲಾರೆನ್-ಮರ್ಸಿಡಿಸ್' ಎಂದು ಬರೆದಿದ್ದರೆ ಮೊದಲನೆಯದು ಚಾಸಿ (ಕಾರಿನ ಮೈಕಟ್ಟು), ಎರಡನೆಯದು ಎಂಜಿನ್. ಚಾಸಿ ಯಾರದೋ ಅವರು ಕನ್‌ಸ್ಟ್ರಕ್ಟರ್, ಕಾರನ್ನು ರೇಸಿಗೆ ಇಳಿಸುವವರು ತಂಡ. ಪ್ರಶಸ್ತಿ ಹೋಗುವುದು ಚಾಸಿಯ ಹೆಸರಿಗೆ. 2024ರಲ್ಲಿ ಮೆಕ್ಲಾರೆನ್ ಮರ್ಸಿಡಿಸ್ ಎಂಜಿನ್ ಹಾಕಿಕೊಂಡೇ ಮರ್ಸಿಡಿಸ್ ತಂಡವನ್ನು ಹಿಂದಿಕ್ಕಿ ಕನ್‌ಸ್ಟ್ರಕ್ಟರ್ಸ್ ಪ್ರಶಸ್ತಿ ಗೆದ್ದಿತು.

ಮಾಸ್ ಗೆದ್ದದ್ದು ಯಾರಿಗಾಗಿ?

1960ರ ಮೊನಾಕೊದಲ್ಲಿ ಮಾಸ್ ಓಡಿಸಿದ್ದು ಲೋಟಸ್ 18 ಕಾರು. ಆದರೆ ಆ ಕಾರು ಲೋಟಸ್ ಸ್ಥಾಪಕ ಕಾಲಿನ್ ಚಾಪ್ಮನ್ ಅವರ 'ಟೀಮ್ ಲೋಟಸ್'ನದಾಗಿರಲಿಲ್ಲ. ರಾಬ್ ವಾಕರ್ ಎಂಬ ಶ್ರೀಮಂತ ಅದನ್ನು ಕೊಂಡು, ತನ್ನ ಕಡುನೀಲಿ ಬಣ್ಣ ಬಳಿಸಿ, ತನ್ನ ಮೆಕ್ಯಾನಿಕ್‌ಗಳನ್ನು ಇಟ್ಟುಕೊಂಡು ಸ್ಪರ್ಧೆಗೆ ಇಳಿಸಿದ್ದ. ಜಾನಿ ವಾಕರ್ ವಿಸ್ಕಿ ಮನೆತನದವನು, ದುಡ್ಡಿಗೇನೂ ಬರವಿರಲಿಲ್ಲ. ಹಾಗಾದರೆ ಗೆದ್ದ ತಂಡ ವಾಕರ್‌ನದು, ಗೆದ್ದ ಕನ್‌ಸ್ಟ್ರಕ್ಟರ್ ಲೋಟಸ್. ಟೀಮ್ ಲೋಟಸ್ ತಾನೇ ಗೆದ್ದದ್ದು ಮರುವರ್ಷ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ, ಐರ್ಲೆಂಡ್ ಮೂಲಕ. ನಾನು ತಂಡದ ಉತ್ತರ ಹೇಳಿದ್ದೆ, ಅವರು ಕನ್‌ಸ್ಟ್ರಕ್ಟರ್ ಕೇಳಿದ್ದರು. ಪ್ರಶ್ನೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಿತ್ತು ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇದು ತಲೆಗೆ ಹತ್ತಿದ್ದು ಮಾಟುಂಗಾದಲ್ಲಿ, ಸೋದರಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ. ಬೆಳಿಗ್ಗೆ ಪೊಂ ಪೊಂ ಎಂದು ಹಾರ್ನ್ ಒತ್ತುತ್ತ ಸೈಕಲ್ ಮೇಲೆ ಇಡ್ಲಿ ಮಾರುವವರನ್ನು ನೋಡಿದ್ದೀರಲ್ಲ? ಅವರಲ್ಲಿ ಒಬ್ಬ ಬೇರೆ ಕಡೆ ಬೇಯಿಸಿದ ಇಡ್ಲಿಯನ್ನು ಕೊಂಡು ಮಾರುತ್ತಾನೆ ಎಂದಿಟ್ಟುಕೊಳ್ಳಿ. ನಾನು ಮಾಸ್ ಕಥೆ ಹೇಳಿ ಮುಗಿಸಿದಾಗ ಮಾವ ಚಿಲ್ಲರೆ ಎಣಿಸುತ್ತಲೇ ಕೇಳಿದರು: "ಗಿರಾಕಿ ಯಾರ ಕೈಯಿಂದ ತಿಂದ ಎಂದು ಕೇಳುತ್ತೀಯೋ, ಯಾರ ಹಿಟ್ಟು ತಿಂದ ಎಂದು ಕೇಳುತ್ತೀಯೋ? ಅದನ್ನು ಮೊದಲು ಹೇಳು ಮಾರಾಯ." ಅಷ್ಟೇ. ಮಾರುವವನು ತಂಡ, ಹಿಟ್ಟಿನವನು ಕನ್‌ಸ್ಟ್ರಕ್ಟರ್.

ಚಾಲಕರ ಚಾಂಪಿಯನ್‌ಷಿಪ್ 1950ರಲ್ಲೇ ಶುರುವಾಯಿತು, ಕನ್‌ಸ್ಟ್ರಕ್ಟರ್‌ಗಳದ್ದು 1958ರಲ್ಲಿ. ಆ ಮೊದಲ ವರ್ಷ ಅದನ್ನು ಗೆದ್ದದ್ದು ವ್ಯಾನ್‌ವಾಲ್; ಚಾಲಕರ ಪ್ರಶಸ್ತಿ ಮಾತ್ರ ಫೆರಾರಿಯ ಮೈಕ್ ಹಾಥಾರ್ನ್ ಪಾಲಾಯಿತು. 1978ರವರೆಗೆ ಒಂದು ರೇಸಿನಲ್ಲಿ ಒಂದು ಕನ್‌ಸ್ಟ್ರಕ್ಟರ್‌ನ ಎಷ್ಟೇ ಕಾರುಗಳಿದ್ದರೂ ಎಲ್ಲಕ್ಕಿಂತ ಮುಂದಿದ್ದ ಒಂದೇ ಕಾರಿನ ಅಂಕ ಲೆಕ್ಕಕ್ಕೆ ಬರುತ್ತಿತ್ತು. ಅದು ವಾಕರ್ ಕೊಂಡ ಕಾರಾದರೂ ಸರಿ, ಅಂಕ ಲೋಟಸ್‌ಗೆ. ವಾಕರ್‌ನ ಕೊನೆಯ ಗೆಲುವು 1968ರ ಬ್ರಿಟಿಷ್ ಗ್ರ್ಯಾನ್ ಪ್ರಿ, ಜೋ ಸಿಫರ್ಟ್ ಕೈಯಲ್ಲಿ, ಅದೂ ಲೋಟಸ್ ಕಾರಿನಲ್ಲಿ. 1981ರಿಂದ ಈ ಕೊಳ್ಳುವ ಆಟ ನಿಂತಿತು: ಓಡಿಸುವ ತಂಡವೇ ತನ್ನ ಚಾಸಿಯ ಕನ್‌ಸ್ಟ್ರಕ್ಟರ್ ಆಗಿರಬೇಕು.

ಇಲ್ಲೊಂದು ಕೊಕ್ಕೆ ಇದೆ. ಹಾಸ್ ತಂಡದ ಚಾಸಿ ತಯಾರಾಗುವುದು ಇಟಲಿಯ ಡಲ್ಲಾರಾ ಕಂಪನಿಯಲ್ಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಫೆರಾರಿಯವು. ಆದರೂ ಕನ್‌ಸ್ಟ್ರಕ್ಟರ್ ಹಾಸ್. ನಿಯಮ ನೋಡುವುದು ಹಿಟ್ಟು ಅರೆದವರು ಯಾರು ಎಂಬುದನ್ನಲ್ಲ; ನಿಗದಿತ ಭಾಗಗಳ (ಬೇರೆ ತಂಡದಿಂದ ಎರವಲು ತರುವಂತಿಲ್ಲದ ಭಾಗಗಳ) ವಿನ್ಯಾಸದ ಹಕ್ಕು ಯಾರದು ಎಂಬುದನ್ನು.

111 ಏಕೆ 52 ಆಯಿತು?

ನಾನು ಹೆಚ್ಚು ಹೊತ್ತು ಎಡವಿದ್ದು ಇಲ್ಲಿ. ಈಗ ತಂಡವೂ ಕನ್‌ಸ್ಟ್ರಕ್ಟರೂ ಒಂದೇ, ಇಬ್ಬರು ಚಾಲಕರ ಅಂಕ ಕೂಡಿಸಿದರೆ ಕನ್‌ಸ್ಟ್ರಕ್ಟರ್ ಅಂಕ ಬರುತ್ತದೆ ಎಂದುಕೊಂಡು 2018ರ ಪಟ್ಟಿ ತೆಗೆದೆ. ಸೆರ್ಜಿಯೊ ಪೆರೆಜ್ 62, ಎಸ್ಟೆಬನ್ ಓಕಾನ್ 49. ಕೂಡಿದರೆ 111. ಪಟ್ಟಿಯಲ್ಲಿ ಮಾತ್ರ ಅವರ ತಂಡಕ್ಕೆ 52, ಏಳನೇ ಸ್ಥಾನ. ಠಾಣೆ ದಾಟುವವರೆಗೂ ಮತ್ತೆ ಮತ್ತೆ ಕೂಡಿಸಿದೆ.

ಆ ತಂಡ ನಮ್ಮ ವಿಜಯ್ ಮಲ್ಯ ಕಟ್ಟಿದ ಫೋರ್ಸ್ ಇಂಡಿಯಾ. (ಅಲ್ಲಿ ವಿಸ್ಕಿ ವಾಕರ್, ಇಲ್ಲಿ ಬಿಯರ್ ಮಲ್ಯ. ರೇಸಿಗೂ ಮದ್ಯಕ್ಕೂ ಏನು ನಂಟೋ!) ಆ ವರ್ಷದ ಜುಲೈನಲ್ಲಿ ಸಾಲದ ಹೊರೆಯಿಂದ ಆ ಕಂಪನಿಯು ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಬಳಗ ಕೊಂಡದ್ದು ಆಸ್ತಿಯನ್ನು, ಹಳೆಯ ಕಂಪನಿಯನ್ನಲ್ಲ. ಅದೇ ಕಾರ್ಖಾನೆ, ಅದೇ ಗುಲಾಬಿ ಕಾರು, ಅದೇ ಚಾಲಕರು, ಆದರೆ ಬೆಲ್ಜಿಯಂ ರೇಸಿಗೆ ಬಂದದ್ದು 'ರೇಸಿಂಗ್ ಪಾಯಿಂಟ್ ಫೋರ್ಸ್ ಇಂಡಿಯಾ' ಎಂಬ ಹೊಸ ಪ್ರವೇಶದಾರ. ಹೋಟೆಲ್ ಭಾಷೆಯಲ್ಲಿ ಹೇಳುವುದಾದರೆ ಒಲೆ ಅದೇ, ಭಟ್ಟರು ಅವರೇ, ಲೈಸೆನ್ಸ್ ಮಾತ್ರ ಹೊಸದು. ಹಳೆಯ ಲೈಸೆನ್ಸಿನ 59 ಅಂಕ ಅಳಿಸಿಹೋಯಿತು; ಹೊಸತು ಸೊನ್ನೆಯಿಂದ ಹತ್ತಿ 52 ಗಳಿಸಿತು. 59ಕ್ಕೆ 52 ಕೂಡಿಸಿ: 111. ಲೆಕ್ಕ ತಾಳೆಯಾದಾಗ ಪಕ್ಕದವರು ನನ್ನ ಮುಖ ನೋಡಿದರು, ದನಿ ಜೋರಾಗಿತ್ತೇನೋ.

ಚಾಲಕರ ಅಂಕ ಅವರವರ ಜೇಬಿನದು, ಯಾರೂ ಮುಟ್ಟಲಿಲ್ಲ. 2007ರಲ್ಲಿಯೂ ಹೀಗೆಯೇ: ಫೆರಾರಿಯ ತಾಂತ್ರಿಕ ಮಾಹಿತಿ ಇಟ್ಟುಕೊಂಡದ್ದಕ್ಕೆ ಮೆಕ್ಲಾರೆನ್‌ಗೆ 10 ಕೋಟಿ ಡಾಲರ್ ದಂಡ, ಕನ್‌ಸ್ಟ್ರಕ್ಟರ್ ಅಂಕಗಳೆಲ್ಲ ರದ್ದು. ಅದರ ಚಾಲಕರಾದ ಹ್ಯಾಮಿಲ್ಟನ್, ಅಲೊನ್ಸೊ ಮಾತ್ರ ತಲಾ 109 ಅಂಕ ಉಳಿಸಿಕೊಂಡರು. 2020ರಲ್ಲಿ ಅದೇ ರೇಸಿಂಗ್ ಪಾಯಿಂಟ್, ಮರ್ಸಿಡಿಸ್‌ನ ಬ್ರೇಕ್ ಡಕ್ಟ್ (ಬ್ರೇಕ್ ತಣಿಸಲು ಗಾಳಿ ಹಾಯಿಸುವ ಕೊಳವೆ) ವಿನ್ಯಾಸ ನಕಲು ಮಾಡಿದ್ದಕ್ಕೆ 15 ಅಂಕ ಕಳೆದುಕೊಂಡಿತು. ಬ್ರೇಕ್ ಡಕ್ಟ್ ಆ ವರ್ಷವೇ ನಿಗದಿತ ಭಾಗಗಳ ಪಟ್ಟಿ ಸೇರಿತ್ತು.

ವಂಶಾವಳಿ, ಓಡುತ್ತಲೇ

ಜೋರ್ಡಾನ್, ಮಿಡ್‌ಲ್ಯಾಂಡ್, ಸ್ಪೈಕರ್, ಫೋರ್ಸ್ ಇಂಡಿಯಾ, ರೇಸಿಂಗ್ ಪಾಯಿಂಟ್, ಆಸ್ಟನ್ ಮಾರ್ಟಿನ್: ಒಂದೇ ತಂಡ ಕೈ ಬದಲಾದಂತೆ ಪಡೆದ ಹೆಸರುಗಳ ಸಾಲು. ಸ್ಟೀವರ್ಟ್, ಜಾಗ್ವಾರ್, ರೆಡ್ ಬುಲ್: ಇನ್ನೊಂದು. ಟಿರೆಲ್‌ನಿಂದ ಬಿಎಆರ್, ಹೋಂಡಾ, ಬ್ರಾನ್, ಮರ್ಸಿಡಿಸ್. ಹೆಸರು ಬದಲಾದಂತೆ ದಾಖಲೆ ಪುಸ್ತಕದಲ್ಲಿ ಕನ್‌ಸ್ಟ್ರಕ್ಟರ್ ಕೂಡ ಬದಲಾಗುತ್ತದೆ. ಹಾಗಾಗಿ 2009ರ ಪ್ರಶಸ್ತಿ ಬ್ರಾನ್‌ನದು, ಮರ್ಸಿಡಿಸ್‌ನದಲ್ಲ. 2011ಕ್ಕೆ ಬಂದಾಗ ಮಾತ್ರ ಪೆನ್ನು ಕೆಳಗಿಡಿ: ಆ ವರ್ಷ 'ಟೀಮ್ ಲೋಟಸ್' ಬೇರೆ, 'ಲೋಟಸ್ ರೆನೋ ಜಿಪಿ' ಬೇರೆ, ಇಬ್ಬರ ಎಂಜಿನ್ನೂ ರೆನೋ. ಮೊದಲನೆಯದರ ಚಾಸಿ ಲೋಟಸ್ ಹೆಸರಿನಲ್ಲಿ, ಎರಡನೆಯದರದ್ದು ರೆನೋ ಹೆಸರಿನಲ್ಲಿ.

ಕೈ ಪಳಗಲು ಒಂದು ಪ್ರಶ್ನೆ. 1970ರ ಸ್ಪೇನ್ ಗ್ರ್ಯಾನ್ ಪ್ರಿ ಗೆದ್ದದ್ದು ಜಾಕಿ ಸ್ಟೀವರ್ಟ್, ಕೆನ್ ಟಿರೆಲ್ ತಂಡದಿಂದ. ಕನ್‌ಸ್ಟ್ರಕ್ಟರ್ ಯಾರು? ಟಿರೆಲ್ ಎಂದಿರಾದರೆ ನನ್ನ ಹಾಗೆ ನಿಮಗೂ ಸೊನ್ನೆ. ಕಾರು ಮಾರ್ಚ್ 701.