ಘಟ್ಟದ ಕೆಳಗಿನ ಗಾಳಿ, ಕಾಲು ಮೈಲಿಯ ಓಟ

ಕಾರೊಂದರ ಎಂಜಿನ್ನಿಗೆ ಎಂಟು ಪಟ್ಟು ಶಕ್ತಿ ಬಂದರೆ, ನಿಂತಲ್ಲಿಂದ ಹೊರಟು ಕಾಲು ಮೈಲಿ ಮುಟ್ಟಲು ಅದಕ್ಕೆ ಬೇಕಾಗುವ ಹೊತ್ತು ಎಷ್ಟಕ್ಕೆ ಇಳಿದೀತು? ಎಂಟರಲ್ಲೊಂದು ಪಾಲಿಗೆ ಎಂದು ಥಟ್ಟನೆ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಅದು ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎಂಜಿನ್ನು ಒಂದೇ ಸಮನೆ ತನ್ನ ಪೂರ್ಣ ಶಕ್ತಿಯನ್ನು ಕೊಡುತ್ತಿದೆ ಎಂದು ಭಾವಿಸಿದರೆ, ಓಟದ ಅವಧಿಯು ತೂಕವನ್ನು ಶಕ್ತಿಯಿಂದ ಭಾಗಿಸಿ ಬಂದ ಸಂಖ್ಯೆಯ ಘನಮೂಲಕ್ಕೆ ಅನುಗುಣವಾಗಿರುತ್ತದೆ. ಎಂಟರ ಘನಮೂಲ ಎರಡು. ವೇಗ ಏರಿದಷ್ಟೂ ಅಷ್ಟೇ ಶಕ್ತಿಯಿಂದ ಸಿಗುವ ನೂಕುಬಲ ಕಡಿಮೆಯಾಗುತ್ತ ಹೋಗುವುದೇ ಇದಕ್ಕೆ ಕಾರಣ. ದುಡ್ಡು ಸುರಿದು ದೊಡ್ಡ ಎಂಜಿನ್ನು ಕೂರಿಸಿದವನಿಗೆ ಈ ಘನಮೂಲ ಬೇಸರ ತರಿಸಬಹುದು. ಆರು ಅಥವಾ ಅದಕ್ಕಿಂತ ಕಡಿಮೆ ಸಿಲಿಂಡರಿನ ಕಾರಿಟ್ಟುಕೊಂಡವನಿಗೆ ಮಾತ್ರ ಇದು ಒಳ್ಳೆಯ ಸುದ್ದಿ.

ಡ್ರ್ಯಾಗ್ ರೇಸಿಂಗ್ ಎಂಬುದು ಇಂಥ ನೇರ ಓಟ. ಅಮೆರಿಕದಲ್ಲಿ 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಇದಕ್ಕೆ ನಿಯಮಗಳ ಚೌಕಟ್ಟು ಕೊಟ್ಟಿತು. ಕಾಲು ಮೈಲಿ ಎಂದರೆ 1,320 ಅಡಿ, ನಮ್ಮ ಲೆಕ್ಕದಲ್ಲಿ 402 ಮೀಟರಿಗೆ ತುಸು ಹೆಚ್ಚು. ಅಲ್ಲಿನ ಸ್ಟಾಕ್ ವರ್ಗದಲ್ಲಿ ಓಡುವ ಕಾರು ಬಹುಮಟ್ಟಿಗೆ ಕಾರ್ಖಾನೆಯಿಂದ ಬಂದ ರೂಪದಲ್ಲೇ ಇರಬೇಕು. ಆದರೆ 'ಬಹುಮಟ್ಟಿಗೆ' ಎಂಬ ಮಾತಿನೊಳಗೆ ಸಾಕಷ್ಟು ಜಾಣತನಕ್ಕೆ ಜಾಗವಿದೆ: ಕ್ಯಾಮ್ ಶಾಫ್ಟ್ ಬದಲಿಸಿದರೂ ಅದು ಕವಾಟವನ್ನು ಎತ್ತುವ ಎತ್ತರ ಮೂಲದಷ್ಟೇ ಇರಬೇಕು, ಕವಾಟ ತೆರೆದಿರುವ ಅವಧಿಯನ್ನು ಮಾತ್ರ ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಕಾರಿನ ತೂಕವನ್ನು ಸಂಸ್ಥೆ ಒಪ್ಪಿದ ಅಶ್ವಶಕ್ತಿಯಿಂದ ಭಾಗಿಸಿ ವರ್ಗಗಳನ್ನು ಗೊತ್ತುಮಾಡುವುದರಿಂದ ಚಿಕ್ಕ ಎಂಜಿನ್ನಿನ ಕಾರುಗಳಿಗೂ ತಮ್ಮ ಅಳತೆಯ ಮನೆ ಸಿಗುತ್ತದೆ.

ಒಂದೇ ಸಾಲಿನಲ್ಲಿ ನಿಂತ ಆರು ಸಿಲಿಂಡರಿನ ಎಂಜಿನ್ನಿನ ಬಗ್ಗೆ ನನಗೊಂದು ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ಸಿಲಿಂಡರಿನಲ್ಲಿ ಎರಡು ಪಿಸ್ಟನ್ ಮೇಲೇರುವಾಗ ಉಳಿದೆರಡು ಕೆಳಗಿಳಿದರೂ, ಮೇಲಿನ ಮತ್ತು ಕೆಳಗಿನ ಚಲನೆಗಳು ಪೂರ್ತಿ ಒಂದೇ ತೆರನಾಗಿಲ್ಲದ ಕಾರಣ, ಪ್ರತಿ ಸುತ್ತಿಗೆ ಎರಡು ಬಾರಿ ಬರುವ ನಡುಕ ಉಳಿದುಕೊಳ್ಳುತ್ತದೆ. ಆರರಲ್ಲಿ ಈ ನಡುಕವೂ ತನ್ನಷ್ಟಕ್ಕೆ ತಾನೇ ರದ್ದಾಗುತ್ತದೆ. ಕ್ರೈಸ್ಲರ್ ಕಂಪನಿಯು 1960ರ ಮಾದರಿಯ ಕಾರುಗಳಿಗೆ ತಂದ 'ಸ್ಲಾಂಟ್ ಸಿಕ್ಸ್' ಇದೇ ಬಳಗದ್ದು. ಬಾನೆಟ್ಟನ್ನು ತಗ್ಗಿಸಲೆಂದು ಅದನ್ನು 30 ಡಿಗ್ರಿ ಓರೆಯಾಗಿ ಕೂರಿಸಿದರು. ಹಾಗೆ ಓರೆ ಮಾಡಿದ್ದರಿಂದ ಪಕ್ಕದಲ್ಲಿ ಉಳಿದ ಜಾಗದಲ್ಲಿ ಗಾಳಿ ಎಳೆದುಕೊಳ್ಳುವ ಉದ್ದನೆಯ ಕೊಳವೆಗಳನ್ನು ಹಾಯಿಸುವ ಅನುಕೂಲವೂ ಸಿಕ್ಕಿತು. ಅದರ 3.7 ಲೀಟರಿನ ರೂಪಕ್ಕೆ ಕಂಪನಿ ಹೇಳಿದ್ದು 145 ಅಶ್ವಶಕ್ತಿ.

ಇಂಥ ಕಾರು ತನಗಿಂತ ಎರಡು ಪಟ್ಟು ಬಲದ ಕಾರಿನ ಪಕ್ಕದಲ್ಲಿ ನಿಂತು ಗೆಲ್ಲುವುದಾದರೂ ಹೇಗೆ? ಓಟಕ್ಕೆ ಮೊದಲೇ ಪ್ರತಿಯೊಬ್ಬ ಚಾಲಕನೂ ತನ್ನ ಕಾರು ಎಷ್ಟು ಹೊತ್ತಿನಲ್ಲಿ ಗುರಿ ಮುಟ್ಟುತ್ತದೆ ಎಂದು ಬರೆದು ಕೊಡಬೇಕು. ಒಬ್ಬ 15.00 ಸೆಕೆಂಡ್ ಎಂದೂ ಇನ್ನೊಬ್ಬ 11.00 ಸೆಕೆಂಡ್ ಎಂದೂ ಬರೆದರೆ ಮೊದಲನೆಯವನಿಗೆ ನಾಲ್ಕು ಸೆಕೆಂಡ್ ಮೊದಲೇ ಹಸಿರು ದೀಪ ಹತ್ತುತ್ತದೆ. ದೊಡ್ಡ ಕಾರು ಹೊರಡುವ ಹೊತ್ತಿಗೆ ಚಿಕ್ಕದು ಸುಮಾರು 55 ಮೀಟರ್ ಮುಂದಿರುತ್ತದೆ. ಇಬ್ಬರೂ ಬರೆದಷ್ಟೇ ಹೊತ್ತಿನಲ್ಲಿ ಓಡಿದರೆ ಗೆರೆಯ ಮೇಲೆ ಜೊತೆಯಾಗುತ್ತಾರೆ. ಬರೆದದ್ದಕ್ಕಿಂತ ಬೇಗ ಮುಟ್ಟಿದವನು ಸೋಲುತ್ತಾನೆ. ಇಬ್ಬರೂ ಬೇಗ ಮುಟ್ಟಿದರೆ ಕಡಿಮೆ ತಪ್ಪಿದವನು ಗೆಲ್ಲುತ್ತಾನೆ. ಆದ್ದರಿಂದ ಇಲ್ಲಿ ಓಡುವವನ ಎದುರಾಳಿ ಪಕ್ಕದ ಕಾರು ಎಷ್ಟೋ, ತಾನೇ ಬರೆದ ಸಂಖ್ಯೆಯೂ ಅಷ್ಟೇ. ಬಲ ಕಡಿಮೆಯಿದ್ದ ಕಾರಿನ ಚಕ್ರ ನೆಲದ ಮೇಲೆ ಜಾರುವುದು ಕಡಿಮೆ, ಹಾಗಾಗಿ ಅದರ ಒಂದು ಓಟಕ್ಕೂ ಮತ್ತೊಂದಕ್ಕೂ ಹೋಲಿಕೆ ಹೆಚ್ಚು.

ಆದರೆ ಈ ಸಂಖ್ಯೆಯನ್ನು ಕೆಡಿಸುವುದು ಗಾಳಿ. ಇದನ್ನು ನಾನು ಅರಿತದ್ದು ಶಿರಸಿಯ ಒಂದು ಗ್ಯಾರೇಜಿನಲ್ಲಿ. ಕಾರವಾರದಿಂದ ಹೊರಟು ಕುಮಟೆಯ ಮೇಲೆ ದೇವಿಮನೆ ಘಟ್ಟ ಹತ್ತಿದ ನಮ್ಮ ಹಳೆಯ ಮಾರುತಿ 800 ಊರು ತಲುಪುವಾಗ ನಿಂತಲ್ಲೇ ಎದುಸಿರು ಬಿಡುತ್ತಿತ್ತು. ಮೆಕ್ಯಾನಿಕ್ ಪ್ಲಗ್ಗನ್ನು ಬಿಚ್ಚಿ, ತುದಿಯಲ್ಲಿ ಕಟ್ಟಿದ್ದ ಮಸಿಯನ್ನು ಉಗುರಿನಿಂದ ಕೆರೆದು ನೋಡಿ, "ಇದು ಘಟ್ಟದ ಕೆಳಗಿನ ಗಾಡಿ ಅಲ್ರಾ?" ಎಂದು ಕೇಳಿದರು. ಆಮೇಲೆ ಕಾರ್ಬ್ಯುರೇಟರಿನ ಒಂದು ಸಣ್ಣ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು, ಅಷ್ಟೇ. ಮೇಲಿನ ಗಾಳಿ ತೆಳು, ಆದರೆ ಕಾರ್ಬ್ಯುರೇಟರ್ ಪೆಟ್ರೋಲನ್ನು ಅಷ್ಟೇ ಪ್ರಮಾಣದಲ್ಲಿ ತಗ್ಗಿಸುವುದಿಲ್ಲ, ಮಿಶ್ರಣ ದಪ್ಪವಾಗುತ್ತದೆ.

ಕಾರವಾರ ಕಡಲ ಮಟ್ಟದಲ್ಲಿದೆ, ಶಿರಸಿ ಅದಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿ. ಈ ಎತ್ತರಕ್ಕೆ ವಾಯುಭಾರ 1,013 ಹೆಕ್ಟೋಪ್ಯಾಸ್ಕಲಿನಿಂದ 943ರ ಸುಮಾರಿಗೆ, ಅಂದರೆ ಶೇಕಡಾ 7ರಷ್ಟು ಇಳಿಯುತ್ತದೆ. ಎಂಜಿನ್ನಿನ ಬಲವೂ ಅಷ್ಟೇ ಇಳಿಯಬೇಕಲ್ಲವೇ? ಇಲ್ಲಿ ಕರಾವಳಿಯ ಸೆಕೆ ಅಡ್ಡ ಬರುತ್ತದೆ. ತೇವದ ಗಾಳಿ ಭಾರ ಎಂದು ಮೈಯಲ್ಲಿ ಬೆವರು ಇಳಿಯುವಾಗ ನಮಗೆಲ್ಲ ಅನ್ನಿಸುತ್ತದೆ, ಆದರೆ ನೀರಿನ ಅಣುವಿನ ತೂಕ 18, ಒಣ ಗಾಳಿಯ ಸರಾಸರಿ ತೂಕ 29. ತೇವ ತುಂಬಿದಷ್ಟೂ ಗಾಳಿ ಹಗುರವಾಗುತ್ತದೆ, ಆಮ್ಲಜನಕದ ಜಾಗವನ್ನು ಆವಿ ಆಕ್ರಮಿಸುತ್ತದೆ. ಕಾರವಾರದಲ್ಲಿ 32 ಡಿಗ್ರಿ ಸೆಕೆ ಮತ್ತು ಶೇಕಡಾ 75 ಆರ್ದ್ರತೆಯ ಮಧ್ಯಾಹ್ನವೊಂದನ್ನೂ, ಶಿರಸಿಯಲ್ಲಿ 24 ಡಿಗ್ರಿ ಮತ್ತು ಶೇಕಡಾ 60 ಆರ್ದ್ರತೆಯ ಸಂಜೆಯೊಂದನ್ನೂ ಕಲ್ಪಿಸಿಕೊಂಡು ಲೆಕ್ಕ ಹಾಕಿದೆ. ಒಂದು ಲೀಟರಿನಲ್ಲಿರುವ ಒಣ ಗಾಳಿಯ ತೂಕದಲ್ಲಿ ಶಿರಸಿ ಹಿಂದುಳಿಯುವುದು ಶೇಕಡಾ 3ರಷ್ಟು ಮಾತ್ರ. ಕಡಲ ಮಟ್ಟದ ಲಾಭದ ಅರ್ಧಕ್ಕಿಂತ ಹೆಚ್ಚನ್ನು ಕರಾವಳಿಯ ಸೆಕೆಯೇ ತಿಂದುಬಿಟ್ಟಿರುತ್ತದೆ.

ಈ ಶೇಕಡಾ 3 ಘನಮೂಲದಿಂದ ಹಾಯ್ದು ಓಟದ ಅವಧಿಯಲ್ಲಿ ಶೇಕಡಾ 1 ಆಗುತ್ತದೆ. ಹದಿನೈದು ಸೆಕೆಂಡಿನ ಕಾರಿಗೆ ಅದು 0.15 ಸೆಕೆಂಡ್. ಗೆರೆಯ ಹತ್ತಿರ ಆ ಕಾರು ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿರುವುದರಿಂದ 0.15 ಸೆಕೆಂಡಿಗೆ ಆರು ಮೀಟರ್ ಸಾಗಿರುತ್ತದೆ. ಎರಡು ಮಾರುತಿ 800 ಒಂದರ ಹಿಂದೊಂದು ನಿಂತರೆ ಇದಕ್ಕಿಂತ ತುಸು ಹೆಚ್ಚು ಉದ್ದ. ಅದೇ ಶೇಕಡಾ 1 ಹನ್ನೊಂದು ಸೆಕೆಂಡಿನ ಕಾರಿಗೆ 0.11 ಸೆಕೆಂಡ್ ಮಾತ್ರ. ಎಂದರೆ ಗಾಳಿಯ ಏರುಪೇರು ಚಿಕ್ಕ ಎಂಜಿನ್ನಿನ ಕಾರಿನ ಗಡಿಯಾರವನ್ನೇ ಹೆಚ್ಚು ಕದಲಿಸುತ್ತದೆ. ಸ್ಟಾಕ್ ವರ್ಗದ ಓಟಗಾರರು ಉಷ್ಣತೆ, ವಾಯುಭಾರ, ಆರ್ದ್ರತೆ ಅಳೆಯುವ ಪುಟ್ಟ ಹವಾಮಾನ ಯಂತ್ರವನ್ನು ಜೊತೆಗೊಯ್ಯುವುದು ಇದಕ್ಕಾಗಿಯೇ. ಬೆಳಗಿನ ಸಂಖ್ಯೆಯನ್ನು ಮಧ್ಯಾಹ್ನ ಅಳಿಸಿ ಬೇರೆ ಬರೆಯುತ್ತಾರೆ.

ಘಟ್ಟದ ತಿರುವುಗಳು ಇಂಥ ಪ್ರಯೋಗಕ್ಕೆ ಜಾಗವಲ್ಲ ಎಂದು ಹೇಳಬೇಕಾಗಿಲ್ಲ. ಡ್ರ್ಯಾಗ್ ಓಟಕ್ಕೆ ಮುಚ್ಚಿದ, ನೇರವಾದ ಹಾದಿ ಬೇಕು. ಮರುದಿನ ನಾವು ನಿಧಾನವಾಗಿಯೇ ಕೆಳಗಿಳಿದೆವು. ಕಾರವಾರ ತಲುಪುವಾಗ ಮಾರುತಿ ಮತ್ತೆ ಮುಗ್ಗರಿಸತೊಡಗಿತ್ತು, ಈ ಸಲ ಪೆಟ್ರೋಲು ಸಾಲದೆ. ಮನೆಯ ಮುಂದೆ ಬಾನೆಟ್ ಎತ್ತಿ, ಆ ಸ್ಕ್ರೂವನ್ನು ನಾನೇ ಕಾಲು ಸುತ್ತು ಹಿಂದಕ್ಕೆ ತಿರುಗಿಸಿದೆ.