ಗುಳಿಗೆ ಚಟ ಬಿಡಿಸಲು ದುಡ್ಡಿನ ಕೇಂದ್ರವೋ, ಪುಕ್ಕಟೆ ಕೇಂದ್ರವೋ?

ಪ್ರಶ್ನೆ: ನಮ್ಮ ಅಕ್ಕನ ಮಗ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾನೆ. ಸೊಂಟ ನೋವಿಗೆ ಅಂತ ಶುರುವಾದ ಗುಳಿಗೆ ಈಗ ದಿನಕ್ಕೆ ಹತ್ತಕ್ಕೆ ಬಂದಿದೆ. ಒಂದು ದಿನ ತಪ್ಪಿದರೂ ಮೈಕೈ ನೋವು, ಆಕಳಿಕೆ, ಭೇದಿ, ರಾತ್ರಿಯೆಲ್ಲ ನಿದ್ದೆ ಇಲ್ಲ. ಒಂದು ಖಾಸಗಿ ಕೇಂದ್ರದವರು ಮೂರು ತಿಂಗಳ ಪ್ಯಾಕೇಜ್ ಹೇಳಿದ್ದಾರೆ. ಅಷ್ಟು ಹಣಕ್ಕೆ ಹೊಲ ಒತ್ತಿ ಹಾಕಬೇಕು. ಒಂದು ಸಂಸ್ಥೆಯವರ ಕೇಂದ್ರವೂ ಇದೆ, ಅಲ್ಲಿ ಪುಕ್ಕಟೆ. ಪುಕ್ಕಟೆ ಅಂದರೆ ಆರೈಕೆಯೂ ಅಷ್ಟಕ್ಕಷ್ಟೇ ಅಲ್ವಾ?

ಉತ್ತರ: ಹೊಲ ಒತ್ತಿ ಹಾಕಬೇಡಿ. ಈ ವಾರವಂತೂ ಬೇಡ.

ಈ ಪ್ರಶ್ನೆ ನಮಗೆ ಮತ್ತೆ ಮತ್ತೆ ಬರುತ್ತದೆ. ಊರು ಸಿಂಧನೂರು ಇರಲಿ, ಸಿರುಗುಪ್ಪ ಇರಲಿ, ಕೇಳುವುದು ಒಂದೇ: ದುಡ್ಡು ಕೊಟ್ಟರೆ ಒಳ್ಳೆಯದಾ? ಅದಕ್ಕಿಂತ ಮೊದಲು ಹುಡುಗ ಏನು ನುಂಗುತ್ತಿದ್ದಾನೆ ಅಂತ ನೋಡಬೇಕು. ನೀವು ಬರೆದ ಲಕ್ಷಣ ನೋಡಿದರೆ ಅದು ಅಫೀಮಿನ ಜಾತಿಯ ಗುಳಿಗೆ ಇರಬಹುದು. ಟ್ರಮಡಾಲ್, ಟಪೆಂಟಡಾಲ್ ಅಂಥವು. ಟ್ರಮಡಾಲನ್ನು 2018ರಲ್ಲಿ ಕೇಂದ್ರ ಸರ್ಕಾರ ಮಾದಕ ವಸ್ತುಗಳ ಕಾಯ್ದೆಯಾದ ಎನ್‌ಡಿಪಿಎಸ್ ಒಳಗೆ ತಂದಿದೆ. ಜಾಸ್ತಿ ನುಂಗಿದರೆ ಫಿಟ್ಸ್ ಬರುವ ಗುಳಿಗೆ ಅದು.

ಈ ಜಾತಿಯ ಚಟದಲ್ಲಿ ಮೈ ಹಿಂಡುವ ಆ ನೋವು ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಮನೆಯವರು ಆಗ ನೆಮ್ಮದಿಯಾಗುತ್ತಾರೆ, ಬಿಟ್ಟೇಬಿಟ್ಟ ಅಂದುಕೊಳ್ಳುತ್ತಾರೆ. ಆದರೆ ಗುಳಿಗೆಯ ಆಸೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಇನ್ನೊಂದು ಅಪಾಯವನ್ನು ಯಾರೂ ಮನೆಯವರಿಗೆ ಬಿಡಿಸಿ ಹೇಳುವುದಿಲ್ಲ. ಬಿಟ್ಟಿದ್ದ ದಿನಗಳಲ್ಲಿ ಮೈಗೆ ಆ ಗುಳಿಗೆ ತಾಳುವ ಶಕ್ತಿ ಇಳಿದಿರುತ್ತದೆ. ಮೂರು ತಿಂಗಳು ಒಳಗಿದ್ದು ಹೊರಗೆ ಬಂದವನು ಹಳೆಯ ಲೆಕ್ಕದಲ್ಲೇ ಹತ್ತು ನುಂಗಿದರೆ ಉಸಿರೇ ನಿಲ್ಲಬಹುದು.

ಅದಕ್ಕೇ ಡಾಕ್ಟರುಗಳು ಬುಪ್ರೆನಾರ್ಫಿನ್ ಅನ್ನುವ ಗುಳಿಗೆ ಕೊಡುತ್ತಾರೆ. ನಾಲಿಗೆ ಕೆಳಗೆ ಇಟ್ಟುಕೊಳ್ಳುವುದು. ನಶೆ ಏರಿಸದೆ ಆಸೆ ಅಡಗಿಸುತ್ತದೆ. ಹುಡುಗ ಕೆಲಸಕ್ಕೂ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನೂ, ಇದೇ ಚಟಕ್ಕೆ ಕೊಡುವ ಮೆಥಡೋನ್ ಅನ್ನುವ ಇನ್ನೊಂದು ಔಷಧವನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಎಲ್ಲರಿಗೂ ಇದೇ ಬೇಕು ಅಂತಿಲ್ಲ, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ, ವ್ಯಸನ ಚಿಕಿತ್ಸೆಯ ಜಾಗದಲ್ಲೇ ಕೊಡಬೇಕು.

ಈಗ ದುಡ್ಡಿನ ಮಾತು. ಪ್ಯಾಕೇಜ್ ಮಾಡುವ ಕೇಂದ್ರಕ್ಕೆ ಹಣ ಬರುವುದು ಹಾಸಿಗೆ ತುಂಬಿದಾಗ. ಹುಡುಗ ಮನೆಗೆ ಹೋದ ಮೇಲೆ ಹೇಗಿದ್ದಾನೆ ಅನ್ನುವುದರಿಂದ ಅವರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಮತ್ತೆ ಚಟಕ್ಕೆ ಬಿದ್ದರೆ ಇನ್ನೊಂದು ಪ್ಯಾಕೇಜ್. ಇಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ, ಲೆಕ್ಕವೇ ಹಾಗಿದೆ. ಅಮೆರಿಕದಲ್ಲಿ ಇದರ ಉಲ್ಟಾ ನೋಡಬಹುದು. ಅಲ್ಲಿ ಮೆಥಡೋನ್ ಚಿಕಿತ್ಸೆ 1960ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಮೊದಲೆಲ್ಲ ಸರ್ಕಾರ ಮತ್ತು ಸೇವಾಸಂಸ್ಥೆಗಳ ಕ್ಲಿನಿಕ್‌ಗಳೇ ಜಾಸ್ತಿ, ಈಗ ಅರ್ಧಕ್ಕಿಂತ ಹೆಚ್ಚು ಲಾಭಕ್ಕಾಗಿ ನಡೆಯುವಂಥವು. ರೋಗಿ ಬಂದು ಔಷಧ ಕುಡಿದಷ್ಟು ದಿನ ಅವರಿಗೆ ಆದಾಯ. ಹಾಗಾಗಿ ಅಲ್ಲಿ ಕೇಳಿಬರುವ ದೂರು ಬೇರೆ: ಔಷಧ ಮನೆಗೆ ಕೊಡುವುದಿಲ್ಲ, ದಿನಾ ಬಾ ಅಂತಾರೆ ಅಂತ. ರೋಗಿಗಳನ್ನು ಕಮಿಷನ್ ಮೇಲೆ ಕೇಂದ್ರಗಳಿಗೆ ಸೇರಿಸುವ ದಲ್ಲಾಳಿಗಳೂ ಹುಟ್ಟಿಕೊಂಡರು. ಫ್ಲಾರಿಡಾದಲ್ಲಿ ಅದು ದೊಡ್ಡ ದಂಧೆಯೇ ಆಗಿತ್ತು. ಅಂಥ ಕಮಿಷನ್ ತಡೆಯಲು 2018ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕಾನೂನನ್ನೇ ತರಬೇಕಾಯಿತು. ನಿಮಗೆ ಆ ಖಾಸಗಿ ಕೇಂದ್ರದ ಹೆಸರು ಹೇಳಿದ್ದು ಯಾರು? ಸುಮ್ನೆ ಒಮ್ಮೆ ಯೋಚಿಸಿ.

ಹಾಗಂತ ಪುಕ್ಕಟೆ ಕೇಂದ್ರವೆಲ್ಲ ಚಿನ್ನ ಅಲ್ಲ. ಇಂಥ ಎಷ್ಟೋ ಕೇಂದ್ರಗಳು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ನಡೆಯುತ್ತವೆ. ಅನುದಾನ ತಡವಾದರೆ ಮೊದಲು ಸೊರಗುವುದು ಊಟ ಮತ್ತು ಡಾಕ್ಟರ ಭೇಟಿ. ಇನ್ನು ಕೆಲವರದ್ದು ಹಟ. "ಗುಳಿಗೆ ಬಿಡಿಸೋಕೆ ಇನ್ನೊಂದು ಗುಳಿಗೆ ಯಾಕೆ? ಮನಸ್ಸು ಗಟ್ಟಿ ಮಾಡ್ಕೋ" ಅಂತಾರೆ. ಇದು ಕುಡಿತ ಬಿಡಿಸುವ ಶಿಬಿರಗಳಿಂದ ಬಂದ ಅಭ್ಯಾಸ ಅಂತ ನನಗೆ ಅನಿಸುತ್ತದೆ. ಅಫೀಮಿನ ಜಾತಿಯ ಚಟಕ್ಕೆ ಬರೀ ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲುವುದಿಲ್ಲ.

ನೀವು ಮೂರನೇ ಬಾಗಿಲನ್ನು ಮರೆತಿದ್ದೀರಿ: ಸರ್ಕಾರಿ ಆಸ್ಪತ್ರೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಔಷಧ ಹಳ್ಳಿ ಹತ್ತಿರವೇ ಸಿಗುವಂತೆ ಮಾಡಿದರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಬಳ್ಳಾರಿಯೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ಸೀಮೆ ನಮ್ಮದು, ನಾವೇ ಆಸ್ಪತ್ರೆ ದಾಟಿ ಪ್ಯಾಕೇಜ್ ಹುಡುಕಿಕೊಂಡು ಹೋಗುತ್ತೇವೆ!

ನನ್ನ ಕೇಳಿದರೆ ಮೊದಲು ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ರಾಯಚೂರಿನವರಿಗೆ ರಿಮ್ಸ್, ಬಳ್ಳಾರಿಯವರಿಗೆ ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ. ಸಾಲು ಉದ್ದ ಇರುತ್ತದೆ, ಬೇಸರ ಆಗುತ್ತದೆ, ಅದು ನಿಜ. ಹೊರಡುವ ಮೊದಲು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನದ ಸಹಾಯವಾಣಿ 14446.

ಆಮೇಲೂ ಒಳಗೆ ಸೇರಿಸಲೇಬೇಕು ಅಂತಾದರೆ, ದುಡ್ಡಿನದ್ದೋ ಪುಕ್ಕಟೆಯದ್ದೋ, ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ: ಮನೆಗೆ ಬಂದ ಮೇಲೆ ಔಷಧ ಯಾರು ಕೊಡುತ್ತಾರೆ, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ತಡಬಡಾಯಿಸಿದರೆ ಎದ್ದು ಬನ್ನಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅನ್ನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕುಡಿತ, ನಶೆಯ ತೊಂದರೆಗಳೂ ಬರುತ್ತವೆ. ಆ ಕಾಯ್ದೆ ಪ್ರಕಾರ ಸರಪಳಿ ಹಾಕುವಂತಿಲ್ಲ. ವಯಸ್ಸಿಗೆ ಬಂದವನು ತಾನಾಗಿ ಒಪ್ಪದಿದ್ದರೆ ಮನೆಯವರ ಸಹಿ ಒಂದೇ ಸಾಲದು, ಇಬ್ಬರು ತಜ್ಞರು ಪರೀಕ್ಷೆ ಮಾಡಬೇಕು. ಅದೂ ಮೊದಲಿಗೆ ಹೆಚ್ಚೆಂದರೆ 30 ದಿನ. ಒಪ್ಪದ ಹುಡುಗನನ್ನು ಒಂದೇ ಸಹಿ ಮೇಲೆ ಮೂರು ತಿಂಗಳು ಬೀಗ ಹಾಕಿ ಇಡುತ್ತೇವೆ ಅನ್ನುವವರು ಈ ಕಾಯ್ದೆಯನ್ನೇ ಓದಿಲ್ಲ.

ಆಸ್ಪತ್ರೆಗೆ ಹೋಗುವಾಗ ಅವನ ಜೇಬಿನ ಖಾಲಿ ಗುಳಿಗೆ ಪಟ್ಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ಅದು ಆಲ್‌ಪ್ರಜೋಲಂ ಥರದ ನಿದ್ದೆ ಗುಳಿಗೆಯಾಗಿದ್ದರೆ ಚಿಕಿತ್ಸೆಯೇ ಬೇರೆ. ಕಲಬೆರಕೆ ಸೇಂದಿಗೆ ಬೆರೆಸುವುದೂ ಇಂಥದ್ದನ್ನೇ. ನಿದ್ದೆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಅಫೀಮಿನ ಜಾತಿಯದ್ದನ್ನೂ ನಿದ್ದೆ ಗುಳಿಗೆಯನ್ನೂ ಒಟ್ಟಿಗೆ ನುಂಗುತ್ತಿದ್ದರೆ ಅದನ್ನಂತೂ ಡಾಕ್ಟರಿಗೆ ಹೇಳಲೇಬೇಕು. ಅವನು ಮುಚ್ಚಿಟ್ಟರೆ ಪಟ್ಟಿ ಹೇಳುತ್ತದೆ.